ಅಗ್ಗದ 70-300 ಜೂಮ್ ತಗೊಂಡಿದ್ದೇನೆ, ಲೆನ್ಸ್ ಸರಿ ಇದೆಯೋ ಇಲ್ಲವೋ ತಿಳಿಯೋದು ಹೇಗೆ?

ಬನಶಂಕರಿ ಬಾಲ್ಕನಿ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 70-300 ಮಿ.ಮೀ. ಜೂಮ್ ತಗೊಂಡೆ. ಎಫ್/4-5.6 (ಬೆಳಕು ಬಿಡೋ ಕಿಂಡಿ ಪೂರ್ತಿ ತೆರೆದಾಗಿನ ಅಳತೆ), ಕೈ ನಡುಕ ತಡೆಯೋ ಸ್ಟೆಬಿಲೈಸೇಶನ್ ಇಲ್ಲ. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಚರ್ಚೆ ಪೂರ್ತಿ ಅದರ ಮೇಲೇ ನಡೆಯುತ್ತೆ. ಬಾಡಿ ನಿಕಾನ್ ಡಿ5300. ಮುಂದಿನ ವಾರದೊಳಗೆ ತಂದರೆ ಬದಲಾಯಿಸಿ ಕೊಡುತ್ತೇವೆ ಅಂತ ಅಂಗಡಿಯವರು ಹೇಳಿದ್ದಾರೆ.

200ರವರೆಗೆ ಫೋಟೋ ಚೆನ್ನಾಗಿಯೇ ಬರುತ್ತಿದೆ. 300ಕ್ಕೆ ಹೋದರೆ ಮಸುಕು ಮಸುಕು. ಎದುರು ಮನೆಯ ತೆಂಗಿನಮರದಲ್ಲಿ ಗರುಡ ಕೂತಿತ್ತು, ತೆಗೆದೆ. ಕ್ಯಾಮೆರಾ ಸ್ಕ್ರೀನ್‌ನಲ್ಲಿ ಸೂಪರ್. ಲ್ಯಾಪ್‌ಟಾಪ್‌ಗೆ ಹಾಕಿ ಪೂರ್ತಿ ಹಿಗ್ಗಿಸಿದರೆ ಕಣ್ಣು ಎಲ್ಲಿ, ಕೊಕ್ಕು ಎಲ್ಲಿ ಅಂತಾನೇ ಗೊತ್ತಾಗಲ್ಲ. ಇದು ಲೆನ್ಸಿನ ದೋಷವೋ, ಈ ಬೆಲೆಗೆ ಇಷ್ಟೇನೋ, ನನ್ನ ಕೈ ನಡುಕವೋ? ಮನೆಯಲ್ಲೇ ನೋಡಿಕೊಳ್ಳೋ ದಾರಿ ಇದ್ದರೆ ಹೇಳಿ.

ಕ್ಯಾಮೆರಾ ಕಿಟ್ಟಿ:
ಶಟರ್ ಸ್ಪೀಡ್ ಎಷ್ಟಿತ್ತು?

ಬನಶಂಕರಿ ಬಾಲ್ಕನಿ:
1/200. ಐಎಸ್‌ಓ 400, ಎಫ್/5.6.

ಕ್ಯಾಮೆರಾ ಕಿಟ್ಟಿ:
ಮೊದಲು ಅದನ್ನು ಸರಿ ಮಾಡಿ ಸರ್. ನಿಮ್ಮದು ಕ್ರಾಪ್ ಸೆನ್ಸರ್, ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕದು, ಹಾಗಾಗಿ ದೃಶ್ಯ 1.5 ಪಟ್ಟು ಹಿಗ್ಗಿದಂತೆ ಬರುತ್ತೆ. 300ನ್ನು 1.5ರಿಂದ ಗುಣಿಸಿದರೆ 450. ಶಟರ್ ಸ್ಪೀಡ್ ಆ ಸಂಖ್ಯೆಗಿಂತ ಕಡಿಮೆ ಇರಬಾರದು, ಅಂದರೆ ಕೈಯಲ್ಲಿ ಹಿಡಿದು ತೆಗೆಯೋದಾದರೆ ಸೆಕೆಂಡಿನ 1/500 ಕನಿಷ್ಠ, ಸ್ಟೆಬಿಲೈಸೇಶನ್ ಇಲ್ಲದ ಲೆನ್ಸಿಗೆ 1/1000 ಇದ್ದರೆ ನೆಮ್ಮದಿ. ಐಎಸ್‌ಓ 1600ಕ್ಕೆ ಏರಿಸೋಕೆ, ಅಂದರೆ ಬೆಳಕಿಗೆ ಸೆನ್ಸರಿನ ಚುರುಕು ಹೆಚ್ಚಿಸೋಕೆ, ಹೆದರಬೇಡಿ. ಅದರಿಂದ ಬರೋ ನಾಯ್ಸ್ (ಕಾಳುಕಾಳಾಗಿ ಕಾಣೋದು) ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಫೋಟೋಗೆ ಮದ್ದಿಲ್ಲ.

ಗಾಂಧಿಬಜಾರ್ ಬೈಟು:
ಅಗ್ಗದ ಜೂಮ್ 300ರಲ್ಲಿ ಮಸುಕು. ಸೂರ್ಯ ಪೂರ್ವದಲ್ಲಿ ಹುಟ್ಟಿದ. ಮುಂದಿನ ಸುದ್ದಿ?

ಎಂಟನೇ ಕ್ರಾಸ್:
ಬೈಟು, ಸುಮ್ನೆ ಇರಿ. ಅವರು ದುಡ್ಡು ಕೊಟ್ಟಿದ್ದಾರೆ.

ಬಾಲ್ಕನಿ ಅವರೇ, ಹಳೇ ಪದ್ಧತಿ ಹೇಳ್ತೀನಿ. ನ್ಯೂಸ್‌ಪೇಪರ್ ಪೂರ್ತಿ ಬಿಡಿಸಿ ಗೋಡೆಗೆ ಅಂಟಿಸಿ. ಕ್ಲಾಸಿಫೈಡ್ ಪುಟ ಆದರೆ ಒಳ್ಳೇದು, ಸಣ್ಣ ಅಕ್ಷರ ಮೂಲೆಮೂಲೆಗೂ ಇರುತ್ತೆ. ಟ್ರೈಪಾಡ್ ಹಾಕಿ 70, 135, 200, 300ರಲ್ಲಿ ತೆಗೆಯಿರಿ. ಒಂದೊಂದಕ್ಕೂ ಪೂರ್ತಿ ತೆರೆದ ಅಪರ್ಚರ್, ಆಮೇಲೆ ಕಿಂಡಿ ಕಿರಿದು ಮಾಡಿ ಎಫ್/8, ಎಫ್/11. ಮೂಲೆಯ ಅಕ್ಷರ ಓದೋಕೆ ಆಗುತ್ತಾ ನೋಡಿ. ಅಷ್ಟೇ.

ಲ್ಯಾಬ್ ಕೋಟು:
ಅಷ್ಟೇ ಅಲ್ಲ ಸರ್. 300ರಲ್ಲಿ ಪೇಪರಿನ ಜೋಡಿ ಪುಟ ಫ್ರೇಮ್ ತುಂಬಬೇಕಾದರೆ ಹತ್ತಿರ ಹತ್ತಿರ 10 ಮೀಟರ್ ದೂರ ನಿಲ್ಲಬೇಕು. ಲೆಕ್ಕ ಸುಲಭ: ಸೆನ್ಸರ್ ಅಗಲ 23.5 ಮಿ.ಮೀ., ಅದನ್ನು 300ರಿಂದ ಭಾಗಿಸಿ ದೂರದಿಂದ ಗುಣಿಸಿ. 10 ಮೀಟರ್‌ಗೆ 78 ಸೆಂ.ಮೀ. ಅಗಲ ಕಾಣುತ್ತೆ. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯಲ್ಲಿ 10 ಮೀಟರ್ ಹಾಲ್ ಯಾರ ಹತ್ತಿರ ಇದೆ? ಸೈಟಿನ ಉದ್ದವೇ 12 ಮೀಟರ್.

ಎಂಟನೇ ಕ್ರಾಸ್:
ತಾರಸಿ ಇದೆಯಲ್ಲ ಸ್ವಾಮಿ. ನೀರಿನ ಟ್ಯಾಂಕ್ ಗೋಡೆಗೆ ಅಂಟಿಸಿ, ಆ ಕಡೆ ಪ್ಯಾರಪೆಟ್ ಹತ್ತಿರ ನಿಂತ್ಕೊಳ್ಳಿ.

ಲ್ಯಾಬ್ ಕೋಟು:
ಒಪ್ಪಿದೆ, ತಾರಸಿ ಆಗುತ್ತೆ. ಆದರೆ ಇನ್ನೊಂದು ತೊಡಕಿದೆ. ಕ್ಯಾಮೆರಾ ಗೋಡೆಗೆ ನೇರವಾಗಿ ಇಲ್ಲದೆ ಚೂರು ಓರೆ ಇದ್ದರೂ ಒಂದು ಪಕ್ಕ ಫೋಕಸ್ ತಪ್ಪುತ್ತೆ. ಆಮೇಲೆ ಲೆನ್ಸೇ ಕೆಟ್ಟಿದೆ ಅಂತ ತಲೆ ಕೆಡಿಸಿಕೊಳ್ಳೋದು. ಇದಕ್ಕೊಂದು ಉಪಾಯ: ಪೇಪರಿನ ನಡುವೆ ಸಣ್ಣ ಕನ್ನಡಿಯನ್ನು ಗೋಡೆಗೆ ಸಪಾಟಾಗಿ ಅಂಟಿಸಿ. ವ್ಯೂಫೈಂಡರ್‌ನಲ್ಲಿ ನೋಡುತ್ತಾ ನಿಮ್ಮ ಲೆನ್ಸಿನ ಬಿಂಬವೇ ಕನ್ನಡಿಯ ಮಧ್ಯೆ, ಫ್ರೇಮಿನ ಮಧ್ಯೆ ಕಾಣುವ ತನಕ ಟ್ರೈಪಾಡ್ ಹೊಂದಿಸಿ. ಆಗ ಕ್ಯಾಮೆರಾ ಗೋಡೆಗೆ ನೆಟ್ಟಗಿದೆ ಅಂತ ಅರ್ಥ. ಆಮೇಲೆ ಕನ್ನಡಿ ತೆಗೆದು ಟೆಸ್ಟ್ ಶುರು ಮಾಡಿ.

ಹೆಬ್ಬಾಳದ ಹೆಜ್ಜಾರ್ಲೆ:
ಗೋಡೆ, ಕನ್ನಡಿ, ಪೇಪರ್! ಇವರು ಹಕ್ಕಿ ಫೋಟೋ ತೆಗೀತಾರೋ, ಕ್ಲಾಸಿಫೈಡ್ ಜಾಹೀರಾತಿನ ಫೋಟೋ ತೆಗೀತಾರೋ? ಬೆಳಿಗ್ಗೆ ಆರೂವರೆಗೆ ಜಕ್ಕೂರು ಕೆರೆಗೆ ಬನ್ನಿ. ಹೆಜ್ಜಾರ್ಲೆ ಇರುತ್ತೆ, ನೀರುಕಾಗೆ ಇರುತ್ತೆ, ಮಿಂಚುಳ್ಳಿ ತಂತಿ ಮೇಲೆ ಕೂತಿರುತ್ತೆ. ಗರಿ ಎಳೆಎಳೆಯಾಗಿ ಬಂದರೆ ಲೆನ್ಸ್ ಚೆನ್ನಾಗಿದೆ. ಬರದಿದ್ದರೆ ಇಲ್ಲ. ಕೆಲಸ ಮುಗೀತು.

ಲ್ಯಾಬ್ ಕೋಟು:
ಹಕ್ಕಿ ಅಲುಗುತ್ತೆ, ನೀವು ಅಲುಗುತ್ತೀರಿ, ಬೆಳಕು ಬದಲಾಗುತ್ತೆ, ಆಟೋಫೋಕಸ್ ರೆಂಬೆ ಹಿಡಿಯುತ್ತೆ. ಫೋಟೋ ಮಸುಕಾದರೆ ಕಾರಣ ಯಾವುದು ಅಂತ ಹೇಗೆ ಹೇಳ್ತೀರಿ? ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಟ್ಟಿಹಾಕಿದರೆ ತಾನೇ ಟೆಸ್ಟ್?

ಹೆಬ್ಬಾಳದ ಹೆಜ್ಜಾರ್ಲೆ:
ನಿಮ್ಮ ಟೆಸ್ಟಿನಲ್ಲಿ ಪಾಸಾದ ಲೆನ್ಸ್ ಬಯಲಿನಲ್ಲಿ ಫೇಲ್ ಆಗಿದ್ದು ನೋಡಿದ್ದೇನೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಗಿಡುಗ ಹಾರಿಬಂದಾಗ ಫೋಕಸ್ ಹಿಂದೆ ಮುಂದೆ ಓಡಾಡ್ತಾನೇ ಇತ್ತು, ಗಿಡುಗ ಹೋದ ಮೇಲೆ ಹಿಡೀತು. ಗೋಡೆ ಓಡಿಹೋಗಲ್ಲವಲ್ಲ.

ಸರ್ವಿಸ್ ಬೆಂಚು:
ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಾ ಇದ್ದೀರಿ. ಲೆನ್ಸ್ ರಿಪೇರಿ ನನ್ನ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಬಾಲ್ಕನಿ ಸರ್ ಕೇಳ್ತಿರೋದು "ಈ ಮಾಡೆಲ್ ಎಷ್ಟು ಶಾರ್ಪ್" ಅಂತ ಅಲ್ಲ. ಅದು ಇಂಟರ್‌ನೆಟ್ಟಿನಲ್ಲೇ ಸಿಗುತ್ತೆ. ಈ ದರ್ಜೆಯ 70-300 ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. 200ರವರೆಗೆ ಒಳ್ಳೆಯದು, 300ರಲ್ಲಿ ಪೂರ್ತಿ ತೆರೆದರೆ ಮೆತ್ತಗೆ, ಎಫ್/8ರಿಂದ ಎಫ್/11ಕ್ಕೆ ಚೇತರಿಕೆ. ಎಫ್/16 ದಾಟಿದರೆ, ಸಣ್ಣ ಕಿಂಡಿಯಲ್ಲಿ ಬೆಳಕು ಹರಡೋ ಡಿಫ್ರಾಕ್ಷನ್‌ನಿಂದ ಮತ್ತೆ ಮೆತ್ತಗಾಗುತ್ತೆ. ಅದು ಡಿಸೈನ್. ಅಂಗಡಿಯವನು ಅದನ್ನು ಬದಲಾಯಿಸಿ ಕೊಡೋಕಾಗಲ್ಲ, ಬೇರೆ ಪೀಸ್ ಕೊಟ್ಟರೂ ಅದೇ.

ಕೇಳಬೇಕಾದ್ದು, ಈ ಒಂದು ಪೀಸಿನಲ್ಲಿ ಏನಾದರೂ ಸರಿ ಇಲ್ಲವಾ? ಅದಕ್ಕೆ ಶಾರ್ಪ್‌ನೆಸ್ ನೋಡಬೇಡಿ, ಸಮ ಇದೆಯಾ ನೋಡಿ. ನಾಲ್ಕು ಮೂಲೆಯೂ ಒಂದೇ ಸಮ ಕೆಟ್ಟಿದ್ದರೆ ಅದು ಲೆನ್ಸಿನ ಜಾತಕ. ಎಡಗಡೆ ಚೆನ್ನಾಗಿದ್ದು ಬಲಗಡೆ ಕಲಸಿದಂತಿದ್ದರೆ ಒಳಗೆ ಯಾವುದೋ ಗಾಜು ಓರೆಯಾಗಿದೆ. ನಾವು ಡಿಸೆಂಟರ್ ಆಗಿದೆ ಅಂತೀವಿ. ಜೂಮ್‌ಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಒಳಗಿನ ಗುಂಪುಗಳು ಹಿಂದಕ್ಕೂ ಮುಂದಕ್ಕೂ ಜಾರಬೇಕು. ಒಂದು ಸಲ ಬಿದ್ದರೆ ಸಾಕು. ಬ್ಯಾರೆಲ್ ಪೂರ್ತಿ ಮುಂದೆ ಚಾಚಿ ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಸ್ವಲ್ಪ ಆಟ ಎಲ್ಲದರಲ್ಲೂ ಇರುತ್ತೆ, ಕಟಕಟ ಅಂದರೆ ಅನುಮಾನ ಪಡಿ.

ಗೋಡೆ ಗೊಡವೆ ಬೇಡ ಅಂದರೆ ಇನ್ನೂ ಸುಲಭದ ದಾರಿ: ತುಂಬ ದೂರದ ಒಂದು ವಸ್ತು ಹುಡುಕಿ, ಅಕ್ಷರ ಇರೋ ಬೋರ್ಡ್ ಆದರೆ ಒಳ್ಳೇದು. ಫ್ರೇಮಿನ ನಡುವೆ ಇಟ್ಟು ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಸ್ಕ್ರೀನಿನಲ್ಲಿ) ಹಿಗ್ಗಿಸಿ ಫೋಕಸ್ ಮಾಡಿ. ಮ್ಯಾನ್ಯುಯಲ್‌ಗೆ ಹಾಕಿ, ರಿಂಗ್ ಮುಟ್ಟಬೇಡಿ. ಈಗ ಕ್ಯಾಮೆರಾ ತಿರುಗಿಸಿ ಅದೇ ಬೋರ್ಡ್ ಒಂದೊಂದು ಮೂಲೆಗೆ ಬರೋ ಹಾಗೆ ಒಂದೊಂದು ಫೋಟೋ. ಅದೇ ಅಕ್ಷರ, ಅದೇ ದೂರ. ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ರಾಚುತ್ತೆ.

ಕ್ಯಾಮೆರಾ ಕಿಟ್ಟಿ:
ಬೆಂಚು ಸರ್ ಬರೆದದ್ದನ್ನು ಪಿನ್ ಮಾಡಿ ಯಾರಾದರೂ.

ಗಾಂಧಿಬಜಾರ್ ಬೈಟು:
ದೂರದ ಬೋರ್ಡ್ ಬೇಕಾ? ವಿಧಾನಸೌಧದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬರೆದಿದೆಯಲ್ಲ. ಎದುರು ರಸ್ತೆಯಿಂದ ತೆಗೆಯಿರಿ. 1956ರಿಂದ ಕದಲಿಲ್ಲ, ಫೈಲುಗಳ ಥರಾನೇ.

ಶಟರ್ ಶ್ಯಾಮಲಾ:
😂 ಆದರೆ ಅಲ್ಲಿ ಟ್ರೈಪಾಡ್ ಬಿಡಿಸಿದರೆ ಪೊಲೀಸರು ಬಂದು ಏನು ಎತ್ತ ಅಂತ ಕೇಳ್ತಾರೆ. ಕೈಯಲ್ಲಿ ಹಿಡಿದರೆ ಯಾರೂ ಏನೂ ಅನ್ನಲ್ಲ.

ಎಂಟನೇ ಕ್ರಾಸ್:
ಟ್ರೈಪಾಡ್ ಇಲ್ಲದೆ ಇದನ್ನೆಲ್ಲ ಮಾಡೋಕಾಗಲ್ಲ. ಲಾಲ್‌ಬಾಗಿನ ಬಂಡೆ ಮೇಲೆ ಹತ್ತಿ. ಕೆಂಪೇಗೌಡರ ಗೋಪುರದ ಹತ್ತಿರ ನಿಂತರೆ ಸುತ್ತಲೂ ಕಟ್ಟಡ, ಬೋರ್ಡುಗಳು. ಟ್ರೈಪಾಡ್ ಬಿಡ್ತಾರಾ ಅಂತ ಗೇಟಿನಲ್ಲೇ ಕೇಳಿಕೊಳ್ಳಿ. ಜನವರಿ, ಆಗಸ್ಟ್ ಫ್ಲವರ್ ಶೋ ಸಮಯದಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ.

ಹೆಬ್ಬಾಳದ ಹೆಜ್ಜಾರ್ಲೆ:
ಬಂಡೆ ಮೇಲೆ ಮಧ್ಯಾಹ್ನ ಹೋದರೆ ಎಲ್ಲ ಲೆನ್ಸೂ ಫೇಲ್. ಕಾದ ಬಂಡೆಯಿಂದ, ಡಾಂಬರಿನಿಂದ ಬಿಸಿ ಗಾಳಿ ಏಳುತ್ತೆ. 300ರಲ್ಲಿ ಲೈವ್ ವ್ಯೂ ಹಿಗ್ಗಿಸಿ ನೋಡಿ, ಅಕ್ಷರಗಳು ನೀರಿನೊಳಗೆ ಇದ್ದಂತೆ ಕುಣೀತಿರುತ್ತವೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಅಷ್ಟೇ. ಬೆಳಿಗ್ಗೆ ಬಿಸಿಲು ಏರೋ ಮುಂಚೆ ಹೋಗಿ. ಮಳೆ ಬಂದು ನಿಂತ ಮಾರನೇ ದಿನ ಆದರೆ ಧೂಳೂ ಇರಲ್ಲ.

ಲ್ಯಾಬ್ ಕೋಟು:
ಇದಕ್ಕೆ ನಾನೂ ಸೈ. ಅದಕ್ಕೇ ಕಿಲೋಮೀಟರ್‌ಗಟ್ಟಲೆ ದೂರ ಬೇಡ. 100 ಮೀಟರ್ ಸಾಕು. 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್‌ಗೆ 300ರಲ್ಲಿ 100 ಮೀಟರ್ ಆಚೆಯ ಒಂದು ಪಿಕ್ಸೆಲ್ ಅಂದರೆ ಸುಮಾರು 1.3 ಮಿ.ಮೀ. ಎದುರು ಅಪಾರ್ಟ್‌ಮೆಂಟಿನ ಹೆಸರು, ಕರೆಂಟ್ ಕಂಬದ ನಂಬರ್, ಮೆಟ್ರೋ ಪಿಲ್ಲರ್ ನಂಬರ್, ಯಾವುದಾದರೂ ಆಗುತ್ತೆ.

ಶಟರ್ ಶ್ಯಾಮಲಾ:
ಬಾಲ್ಕನಿ ಅವರೇ, ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದೆಯಾ? ಸೆಕೆಂಡ್ ಹ್ಯಾಂಡ್ ಲೆನ್ಸಿನ ಜೊತೆ ಅಂಗಡಿಯವರು "ಫ್ರೀ" ಅಂತ ಒಂದು ಹಾಕಿ ಕೊಡ್ತಾರೆ. 70ರಲ್ಲಿ ಗೊತ್ತಾಗಲ್ಲ, 300ರಲ್ಲಿ ಅಗ್ಗದ ಗಾಜು ಇದ್ದಬದ್ದ ಶಾರ್ಪ್‌ನೆಸ್ಸನ್ನೂ ನುಂಗಿಬಿಡುತ್ತೆ. ನಾನು ಭರತನಾಟ್ಯ ಕಾರ್ಯಕ್ರಮಗಳ ಫೋಟೋ ತೆಗೆಯೋದು. ಸ್ಟೇಜ್ ಲೈಟ್ ಎದುರಿಗಿದ್ದರೆ ಫಿಲ್ಟರ್‌ನಿಂದ ಲೈಟಿನ ಬಿಂಬ ಬೇರೆ ಕಡೆ ಮೂಡುತ್ತೆ. ಫಿಲ್ಟರ್ ತೆಗೆಯಿರಿ, ಹುಡ್ (ಲೆನ್ಸ್ ಮುಂದಿನ ನೆರಳಿನ ಕೊಳವೆ) ಹಾಕಿ. ರಕ್ಷಣೆಗೆ ಹುಡ್ಡೇ ಸಾಕು.

ಇನ್ನೊಂದು. ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಒಳಗೆ ನೋಡಿ. ಧೂಳಿನ ಚುಕ್ಕೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಜೇಡರ ಬಲೆಯ ಎಳೆ ಥರ ಕವಲೊಡೆದಿದ್ದರೆ ಅದು ಫಂಗಸ್. ಆ ಕ್ಷಣವೇ ವಾಪಸ್.

ಸರ್ವಿಸ್ ಬೆಂಚು:
ಶ್ಯಾಮಲಾ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಮಳೆಗಾಲ ಮುಗಿದ ಮೇಲೆ ನನ್ನ ಬೆಂಚಿಗೆ ಬರೋದರಲ್ಲಿ ಫಂಗಸ್ಸೇ ಜಾಸ್ತಿ. ಕ್ಯಾಮೆರಾ ಬ್ಯಾಗಿನೊಳಗೇ ಇಟ್ಟು ಬೀರುವಿನಲ್ಲಿ ಮುಚ್ಚಿಡ್ತಾರೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಮುಗೀತು. ಅಕ್ಕಿ ಡಬ್ಬದಲ್ಲಿ ಇಡಬೇಡಿ, ಹಿಟ್ಟಿನ ಧೂಳು ಒಳಗೆ ಸೇರುತ್ತೆ.

ರಾಜಾಜಿನಗರ ರಾ ಫೈಲ್:
ಟ್ರೈಪಾಡ್ ಅಲುಗೋದರ ಬಗ್ಗೆ ಯಾರೂ ಹೇಳಲಿಲ್ಲ. ಹಗುರ ಟ್ರೈಪಾಡ್‌ಗೆ ಈ ಲೆನ್ಸ್ ಹಾಕಿ 300ಕ್ಕೆ ಚಾಚಿದರೆ ಮುಂದಕ್ಕೆ ವಾಲುತ್ತೆ, ಗಾಳಿಗೆ ನಡುಗುತ್ತೆ. ನಡುವಿನ ಕಂಬ ಎತ್ತಬೇಡಿ. ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತುಹಾಕಿ. ಶಟರ್ ಬೆರಳಿನಿಂದ ಒತ್ತದೆ ಟೈಮರ್ ಹಾಕಿ. ಸ್ಟೆಬಿಲೈಸೇಶನ್ ಇರೋ ಲೆನ್ಸ್ ಇರುವವರು ಟ್ರೈಪಾಡ್ ಮೇಲೆ ಅದನ್ನು ಆಫ್ ಮಾಡಿ. ನಿಕಾನ್‌ನ ಎಎಫ್-ಪಿ ಡಿಎಕ್ಸ್ 70-300ರ ಥರದಲ್ಲಿ ಲೆನ್ಸ್ ಮೇಲೆ ಸ್ವಿಚ್ ಇರಲ್ಲ, ಕ್ಯಾಮೆರಾ ಮೆನುವಿನಲ್ಲಿ ಹುಡುಕಬೇಕು.

ನಾನಂತೂ ಬಾಲ್ಕನಿ ಗೋಡೆ ಮೇಲೆ ರಾಗಿ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸ್ತೀನಿ. ಅದು ಲೆನ್ಸಿನ ಆಕಾರಕ್ಕೇ ಒತ್ತಿಕೊಳ್ಳುತ್ತೆ. ಅಗ್ಗದ ಟ್ರೈಪಾಡ್‌ಗಿಂತ ಎಷ್ಟೋ ಮೇಲು.

ಗಾಂಧಿಬಜಾರ್ ಬೈಟು:
ಟೆಸ್ಟ್ ಮುಗಿದ ಮೇಲೆ ಮುದ್ದೆ.

ರಾಜಾಜಿನಗರ ರಾ ಫೈಲ್:
ಮನೆಯವರು ಬೈದಿದ್ದು ಅದಕ್ಕೇ ಗುರು.

ಫೋನೇ ಸಾಕು:
ಇಷ್ಟೆಲ್ಲ ಯಾಕೆ? ನನ್ನ ಫೋನಿನಲ್ಲಿ ಚಂದ್ರನ ಕುಳಿ ಕೂಡ ಕಾಣುತ್ತೆ.

ಲ್ಯಾಬ್ ಕೋಟು:
ಅದರಲ್ಲಿ ಚಂದ್ರ ಎಷ್ಟು, ಸಾಫ್ಟ್‌ವೇರ್ ಎಷ್ಟು ಅಂತ ಕೇಳಬೇಡಿ. ಆದರೆ ಮಾತು ಬಂತಲ್ಲ, ಹೇಳಿಬಿಡ್ತೀನಿ. 300 ಮಿ.ಮೀ.ಗೆ ಚಂದ್ರ ಸೆನ್ಸರ್ ಮೇಲೆ ಬೀಳೋದು ಸುಮಾರು 2.7 ಮಿ.ಮೀ. ಅಷ್ಟೇ. ಬಾಲ್ಕನಿ ಅವರ ಕ್ಯಾಮೆರಾದಲ್ಲಿ ಅಡ್ಡಕ್ಕೆ 700 ಪಿಕ್ಸೆಲ್. ಎಫ್/11, ಐಎಸ್‌ಓ 200, 1/200ರಿಂದ ಶುರು ಮಾಡಿ. ಹುಣ್ಣಿಮೆಗಿಂತ ಅರ್ಧಚಂದ್ರ ಒಳ್ಳೇದು, ನೆರಳು ಇರೋದರಿಂದ ಕುಳಿಗಳು ಎದ್ದು ಕಾಣುತ್ತವೆ.

ಕ್ಯಾಮೆರಾ ಕಿಟ್ಟಿ:
ನೇರಳೆ ಅಂಚು ನೋಡೋಕೂ ಒಂದು ದಾರಿ ಹೇಳ್ತೀನಿ. ನಮ್ಮ ಬೀದಿಗಳ ಮೇಲೆ ಕೇಬಲ್ ತಂತಿ ಜೋತಾಡ್ತಿರುತ್ತಲ್ಲ, ಮೋಡದ ಬಿಳಿ ಆಕಾಶದ ಎದುರು ಅದನ್ನು ತೆಗೆಯಿರಿ. ತಂತಿಯ ಒಂದು ಕಡೆ ನೇರಳೆ, ಇನ್ನೊಂದು ಕಡೆ ಹಸಿರು ಗೆರೆ ಬಂದರೆ ಅಗ್ಗದ ಜೂಮ್‌ನಲ್ಲಿ ಅದು ಮಾಮೂಲಿ. ರಾ ಫೈಲ್‌ನಲ್ಲಿ (ಕ್ಯಾಮೆರಾ ಕೊಡೋ ಕಚ್ಚಾ ಫೈಲ್) ಎಡಿಟ್ ಮಾಡುವಾಗ ಒಂದು ಟಿಕ್ ಹಾಕಿದರೆ ಬಹುಪಾಲು ಹೋಗುತ್ತೆ.

ಬನಶಂಕರಿ ಬಾಲ್ಕನಿ:
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆ ತಾರಸಿ ಮೇಲೆ ಕೂತು ಮಾಡಿದೆ. ಗುರಿ: ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನ ಗೇಟ್ ಬೋರ್ಡ್. ಕೆಳಗಡೆ ಸಣ್ಣ ಅಕ್ಷರದಲ್ಲಿ "ಗೇಟ್ ಮುಂದೆ ವಾಹನ ನಿಲ್ಲಿಸಬೇಡಿ" ಅಂತ ಇದೆ.

ಫಿಲ್ಟರ್ ಇತ್ತು. ತೆಗೆದ ಕೂಡಲೇ ನಡುವಿನ ಫೋಟೋ ಎದ್ದು ನಿಂತಿತು. ಅಕ್ಷರದ ಅಂಚಿನ ಸುತ್ತ ಒಂದು ಮಬ್ಬು ಇತ್ತಲ್ಲ, ಅದು ಹೋಯಿತು. ಎಫ್/8ರಲ್ಲಿ ನಡುಭಾಗ ನಿಜವಾಗಲೂ ಚೆನ್ನಾಗಿದೆ, ಸಣ್ಣ ಅಕ್ಷರವನ್ನೂ ಓದಬಹುದು.

ಮೂಲೆಗಳ ಕಥೆ ಬೇರೆ. ಎಡಗಡೆ ಮೇಲೆ, ಎಡಗಡೆ ಕೆಳಗೆ ಪರವಾಗಿಲ್ಲ. ಬಲಗಡೆ ಮೇಲೆ ಸುಮಾರು. ಬಲಗಡೆ ಕೆಳಗೆ "ವಾಹನ" ಅನ್ನೋದು ಎರಡೆರಡು ಸಲ ಬರೆದ ಹಾಗೆ ಕಾಣುತ್ತೆ. ಎಫ್/11ರಲ್ಲೂ ಪೂರ್ತಿ ಹೋಗಲಿಲ್ಲ. 200ರಲ್ಲಿ ಕಡಿಮೆ, 70ರಲ್ಲಿ ಇಲ್ಲವೇ ಇಲ್ಲ.

ಸರ್ವಿಸ್ ಬೆಂಚು:
ಕ್ಯಾಮೆರಾ ತಲೆಕೆಳಗು ಮಾಡಿ ಒಂದು ತೆಗೆಯಿರಿ. ಬೋರ್ಡನ್ನು ಫೈಲಿನ ಅದೇ ಮೂಲೆಗೆ ಇಡಿ, ಅಂದರೆ ಈಗ ಅದು ನಿಮ್ಮ ಕಣ್ಣಿಗೆ ಎಡಗಡೆ ಮೇಲೆ ಕಾಣುತ್ತೆ. ಆಗಲೂ ಅಲ್ಲೇ ಕೆಟ್ಟಿದ್ದರೆ ದೋಷ ಕ್ಯಾಮೆರಾ ಅಥವಾ ಲೆನ್ಸಿನದು. ಆಮೇಲೆ ಅದೇ ಮೂಲೆಯಲ್ಲೇ ಲೈವ್ ವ್ಯೂ ಹಿಗ್ಗಿಸಿ ಮತ್ತೆ ಫೋಕಸ್ ಮಾಡಿ ನೋಡಿ. ಶಾರ್ಪ್ ಆದರೆ ಫೋಕಸ್ ಆಗುವ ಸಮತಲ ಓರೆಯಾಗಿದೆ. ಏನು ಮಾಡಿದರೂ ಶಾರ್ಪ್ ಆಗದಿದ್ದರೆ ಗಾಜೇ ಜಾಗ ಬಿಟ್ಟಿದೆ. ಮತ್ತೆ, ಬೇರೆ ಲೆನ್ಸ್ ಹಾಕಿ ಅದೇ ಮೂಲೆ ನೋಡಿ. ಬಾಡಿಯಲ್ಲಿ ಲೆನ್ಸ್ ಕೂರೋ ಮೌಂಟ್ ಓರೆಯಿದ್ದರೆ ಲೆನ್ಸಿನ ತಪ್ಪಲ್ಲ.

ಬನಶಂಕರಿ ಬಾಲ್ಕನಿ:
ನೋಡಿದೆ. ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸಿನಲ್ಲಿ ಎಲ್ಲ ಮೂಲೆ ಸಮ. ಇದರಲ್ಲಿ ತಲೆಕೆಳಗು ಮಾಡಿದರೂ ಅದೇ ಮೂಲೆ ಕೆಟ್ಟಿದೆ, ಫೋಕಸ್ ಬದಲಾಯಿಸಿದರೂ ಬರಲಿಲ್ಲ.

ಸರ್ವಿಸ್ ಬೆಂಚು:
ಹಾಗಾದರೆ ವಾಪಸ್ ಕೊಡಿ. ಈ ಬೆಲೆಯ ಲೆನ್ಸನ್ನು ಬಿಚ್ಚಿ ಹೊಂದಿಸೋ ಖರ್ಚಿಗೆ ಇನ್ನೊಂದೇ ಬರುತ್ತೆ. ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡು ಹೇಳ್ತಿದ್ದೀನಿ.

ಎಂಟನೇ ಕ್ರಾಸ್:
ಅಂಗಡಿಗೆ ಹೋಗುವಾಗ ಬಾಡಿ, ಲ್ಯಾಪ್‌ಟಾಪ್ ಎರಡೂ ತಗೊಂಡು ಹೋಗಿ. "ಮಸುಕು ಬರುತ್ತೆ" ಅಂದರೆ "ನೀವು ತೆಗೆಯೋದು ಸರಿ ಇಲ್ಲ" ಅಂತಾರೆ. ನಾಲ್ಕು ಮೂಲೆ ಪಕ್ಕಪಕ್ಕ ತೋರಿಸಿದರೆ ಮಾತಾಡಲ್ಲ.

ಹೊಸಬ 2:
ಡಿ5300ಗೆ ಹಳೇ 70-300 ಯಾವುದಾದರೂ ಆಗುತ್ತಾ? ನನಗೂ ಬೇಕಿತ್ತು.

ರಾಜಾಜಿನಗರ ರಾ ಫೈಲ್:
ಆಗಲ್ಲ. ಡಿ5300 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನೊಳಗೇ ಮೋಟಾರ್ ಇರಬೇಕು. ಇಲ್ಲದಿದ್ದರೆ ಕೈಯಲ್ಲೇ ತಿರುಗಿಸಬೇಕು. ಟ್ಯಾಮ್ರಾನ್‌ನ ಹಳೇ 70-300ರಲ್ಲಿ ಮೋಟಾರ್ ಇರೋದು, ಇಲ್ಲದ್ದು ಎರಡೂ ಬಂದಿವೆ. ಹೊರಗಿನಿಂದ ಒಂದೇ ಥರ ಕಾಣುತ್ತೆ, ಅಂಗಡಿಯಲ್ಲೇ ಹಾಕಿ ಫೋಕಸ್ ಆಗುತ್ತಾ ನೋಡಿ. ಅದರಲ್ಲಿ 180ರಿಂದ 300ರವರೆಗೆ ಮ್ಯಾಕ್ರೋ ಸ್ವಿಚ್ ಇದೆ, 1:2 ಅಳತೆ ಸಿಗುತ್ತೆ, ಅಂದರೆ ವಸ್ತುವಿನ ಅರ್ಧ ಗಾತ್ರದ ಬಿಂಬ ಸೆನ್ಸರ್ ಮೇಲೆ ಬೀಳುತ್ತೆ. ಚಿಟ್ಟೆ ತೆಗೆಯೋರಿಗೆ ಮಜಾ.

ಬನಶಂಕರಿ ಬಾಲ್ಕನಿ:
ಅಪ್‌ಡೇಟ್. ಅಂಗಡಿಯವರ ಹತ್ತಿರ ಅದೇ ಮಾಡೆಲ್ ಇನ್ನೊಂದಿತ್ತು. ಬಾಗಿಲಲ್ಲಿ ನಿಂತು ಎದುರು ಕಟ್ಟಡದ ಬೋರ್ಡನ್ನೇ ಎರಡರಲ್ಲೂ ತೆಗೆದು ನೋಡಿದೆ. ಅಂಗಡಿಯ ಹುಡುಗನಿಗೂ ಆಸಕ್ತಿ ಬಂತು, ಸ್ಟೂಲ್ ತಂದುಕೊಟ್ಟ. ಎರಡನೆಯದರಲ್ಲಿ ನಾಲ್ಕು ಮೂಲೆಯೂ ಸಮ. ಆದರೆ ನಡುಭಾಗ ಮೊದಲನೆಯದಕ್ಕಿಂತ ಒಂದು ಚೂರು ಮೆತ್ತಗೆ. ಎರಡನೆಯದನ್ನೇ ತಗೊಂಡೆ.

ಹೆಬ್ಬಾಳದ ಹೆಜ್ಜಾರ್ಲೆ:
ಅಯ್ಯೋ! ಹಕ್ಕಿ ಎಲ್ಲಿರುತ್ತೆ ಸರ್ ಫ್ರೇಮಿನಲ್ಲಿ? ನಡುವೆ. ಹೇಗಿದ್ದರೂ ಕ್ರಾಪ್ ಮಾಡೋರು ನಾವು. ಆ ಕೆಟ್ಟ ಮೂಲೆಯಲ್ಲಿ ಬರೋದು ಆಕಾಶ, ಇಲ್ಲಾಂದ್ರೆ ಮಸುಕಾದ ಎಲೆ. ಒಳ್ಳೇ ನಡುಭಾಗವನ್ನು ಕೈಯಾರೆ ವಾಪಸ್ ಕೊಟ್ಟು ಬಂದಿರಿ.

ಲ್ಯಾಬ್ ಕೋಟು:
ಇವತ್ತು ಮೂಲೆ, ನಾಳೆ ಇನ್ನೊಂದು ಸಲ ತಗುಲಿದರೆ ನಡುವೂ ಹೋಗುತ್ತೆ. ಸಮ ಇರೋದನ್ನು ತಗೊಂಡಿದ್ದು ಸರಿ.

ಹೆಬ್ಬಾಳದ ಹೆಜ್ಜಾರ್ಲೆ:
ನಾಳೆ ತಗುಲಿದರೆ ಸಮ ಇರೋದೂ ಓರೆ ಆಗುತ್ತೆ. ಅದೇನು ವಾದ?

ಬನಶಂಕರಿ ಬಾಲ್ಕನಿ:
ಬರೀ ಹಕ್ಕಿ ಅಲ್ಲ ಸರ್. ಮಗಳ ಸ್ಕೂಲಿನ ಸ್ಪೋರ್ಟ್ಸ್ ಡೇ ಇದೆ, ಓಟದ ಸಾಲಿನಲ್ಲಿ ಅವಳು ಯಾವ ಮೂಲೆಯಲ್ಲಿ ಇರ್ತಾಳೋ ಗೊತ್ತಿಲ್ಲ.

ಶಟರ್ ಶ್ಯಾಮಲಾ:
ಸರಿಯಾಗಿ ಹೇಳಿದ್ರಿ. ಸ್ಟೇಜಲ್ಲೂ ಹಾಗೇ, ಸಾಲಿನ ಕೊನೆಯ ಹುಡುಗಿಯ ಅಮ್ಮನೇ ಮೊದಲು ಫೋನ್ ಮಾಡೋದು.

ಹೆಬ್ಬಾಳದ ಹೆಜ್ಜಾರ್ಲೆ:
ಆಯ್ತು ಬಿಡಿ. ನೀವು ವಾಪಸ್ ಕೊಟ್ಟ ಮೊದಲನೇದು ಇನ್ನೂ ಅಂಗಡಿಯಲ್ಲಿದೆಯಾ? ರೇಟ್ ಇಳಿಸಿದರೆ ನಾನು ತಗೋತೀನಿ.

ಬನಶಂಕರಿ ಬಾಲ್ಕನಿ:
ಇದೆ. ಅಂಗಡಿ ವಿಳಾಸ ಮೆಸೇಜ್ ಮಾಡಿದ್ದೇನೆ.

ಸರ್ವಿಸ್ ಬೆಂಚು:
ಚೌಕಾಸಿ ಮಾಡುವಾಗ ಆ ಮೂಲೆ ಫೋಟೋ ತೋರಿಸಿ. ನಡುವಿನ ಫೋಟೋ ಜೇಬಿನಲ್ಲೇ ಇರಲಿ.